ಸಹಾಯ ಬೇಕು: ಹೊಸ ಫೋನ್ ನೋಡಿದ್ರೆ ವಾಕರಿಕೆ

ಎರಡು ವಾರದ ಹಿಂದೆ ಓಎಲ್‌ಇಡಿ ಸ್ಕ್ರೀನಿನ (ಪ್ರತಿ ಚುಕ್ಕೆನೂ ತಾನೇ ಬೆಳಗೋ ಥರದ್ದು) ಫೋನ್ ತಗೊಂಡೆ. ರಾತ್ರಿ ಬ್ರೈಟ್‌ನೆಸ್ ಇಳಿಸಿ ಹತ್ತು ನಿಮಿಷ ನೋಡಿದ್ರೆ ಸಾಕು, ಘಾಟಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತಂಗೆ ಹೊಟ್ಟೆ ತೊಳಸುತ್ತೆ, ಕಣ್ಣಿನ ಹಿಂದೆ ಎಳೆತ. ಹಳೇ ಎಲ್‌ಸಿಡಿ ಫೋನಲ್ಲಿ ಗಂಟೆಗಟ್ಟಲೆ ಓದಿದ್ರೂ ಏನೂ ಆಗ್ತಿರಲಿಲ್ಲ.

ಕಣ್ಣು ಟೆಸ್ಟ್ ಮಾಡಿಸ್ದೆ, ನಂಬರ್ ಬದಲಾಗಿಲ್ಲ. ನೈಟ್ ಮೋಡ್ ಹಾಕ್ದೆ. ಸ್ಕ್ರೀನಿಗೆ ಅರಿಶಿನ ಬಳಿದಂಗಾಯ್ತು ಅಷ್ಟೇ. 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡೋದೂ ಆಯ್ತು. ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ಶಟರ್ ವೇಗ ಏರಿಸಿ ನೋಡಿದ್ರೆ ಸ್ಕ್ರೀನ್ ಮೇಲೆ ಕಪ್ಪು ಪಟ್ಟಿ ಓಡ್ತವೆ. ಬೆಳಕು ತಗ್ಗಿಸೋಕೆ ಸ್ಕ್ರೀನ್ ವೇಗವಾಗಿ ಆನ್-ಆಫ್ ಆಗೋ ಪಿಡಬ್ಲ್ಯುಎಂ ಇದೇ ಇರ್ಬೇಕು. ಬ್ರೈಟ್‌ನೆಸ್ ಏರಿಸಿದ್ರೆ ವಾಕರಿಕೆ ಕಮ್ಮಿ, ಕಣ್ಣುರಿ ಜಾಸ್ತಿ! ಆನ್-ಆಫ್ ಮಾಡದೆ ಕರೆಂಟ್ ಇಳಿಸಿ ಬೆಳಕು ತಗ್ಗಿಸೋ ಡಿಸಿ ಡಿಮ್ಮಿಂಗ್ ಆಯ್ಕೆ ನನ್ನ ಫೋನಲ್ಲಿ ಇಲ್ವೇ ಇಲ್ಲ.

ಬ್ರೈಟ್‌ನೆಸ್ ಮೇಲಿಟ್ಟು, ಕಪ್ಪು ಪರದೆ ಹಾಕೋ ಡಿಮ್ಮರ್ ಆ್ಯಪ್ ಬಳಸಿ ಯಾರಿಗಾದ್ರೂ ವಾಕರಿಕೆ ನಿಂತಿದೆಯಾ? ಇಲ್ಲಾ ಎಲ್‌ಸಿಡಿಗೇ ವಾಪಸ್ ಹೋಗ್ಬೇಕಾ?