ವಿ.ಆರ್. ಹೆಡ್‌ಸೆಟ್‌ನಲ್ಲಿ ಬಂದ ಧೈರ್ಯ ನಿಜವಾದ ಎತ್ತರದಲ್ಲಿ ಉಳಿಯುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎತ್ತರದ ಭಯವಿರುವ ನನ್ನ ತಂಗಿಗೆ ಆರು ವಾರಗಳಿಂದ ವಿ.ಆರ್. ಹೆಡ್‌ಸೆಟ್ (ಕಂಪ್ಯೂಟರ್ ಸೃಷ್ಟಿಸಿದ ದೃಶ್ಯವನ್ನು ನಿಜವೆಂಬಂತೆ ಕಣ್ಣೆದುರು ತೋರಿಸುವ, ತಲೆಗೆ ಧರಿಸುವ ಸಾಧನ) ಮೂಲಕ ಚಿಕಿತ್ಸೆ ನಡೆಯುತ್ತಿದೆ. 1995ರಲ್ಲಿಯೇ ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾಥ್‌ಬಾಮ್ ಮತ್ತು ಸಂಗಡಿಗರು ಇದೇ ಭಯಕ್ಕೆ ಈ ವಿಧಾನವನ್ನು ಪ್ರಯೋಗಿಸಿ ಒಳ್ಳೆಯ ಫಲಿತಾಂಶ ಪ್ರಕಟಿಸಿದ್ದರೆಂದು ಓದಿ ಭರವಸೆಯಿಂದಲೇ ಆರಂಭಿಸಿದೆವು. ಗಾಜಿನ ಲಿಫ್ಟ್‌ನಲ್ಲಿ ಮೇಲೇರುವ ದೃಶ್ಯದಲ್ಲಿ, 100ಕ್ಕೆ 85 ಇದ್ದ ಅವಳ ಆತಂಕದ ಅಂಕ ಈಗ 30ಕ್ಕೆ ಇಳಿದಿದೆ. ಆದರೆ ನಿಜವಾದ ಮೂರನೆಯ ಮಹಡಿಯ ಬಾಲ್ಕನಿಗೆ ಬಂದೊಡನೆ, ಬೆರಳು ಬಿಳಿಚುವಷ್ಟು ಬಿಗಿಯಾಗಿ ಕಂಬಿ ಹಿಡಿದು ನಿಂತುಬಿಡುತ್ತಾಳೆ. “ಹೆಡ್‌ಸೆಟ್‌ನಲ್ಲಾದರೆ ಬೀಳುವುದಿಲ್ಲವೆಂದು ಗೊತ್ತಲ್ಲ, ಅಕ್ಕ” ಎನ್ನುತ್ತಾಳೆ. ಆ ಮಾತು ನನಗೆ ಸರಿಯೆನಿಸುತ್ತದೆ. ದೃಶ್ಯದ ಎತ್ತರ ಹೆಚ್ಚಿಸಿ ನೋಡಿದ್ದಾಯಿತು, ಅವಳಿಗೆ ತಲೆಸುತ್ತು ಬಂದಿತಷ್ಟೇ. ಹೆಡ್‌ಸೆಟ್‌ನಲ್ಲಿ ಭಯ ಪೂರ್ತಿ ಇಳಿಯುವವರೆಗೆ ಕಾಯಬೇಕೇ, ಅಥವಾ ಈಗಲೇ ಮೊದಲ ಮಹಡಿಯಿಂದ ನಿಜವಾದ ಎತ್ತರದ ಅಭ್ಯಾಸವನ್ನೂ ಜೊತೆಗೆ ಆರಂಭಿಸುವಂತೆ ಚಿಕಿತ್ಸಕರನ್ನು ಕೇಳಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.