ಜುಕೋ ಬದಲಾದಾಗ ನಂಬಿದೆವು, ಡೇನೇರಿಸ್ ಬದಲಾದಾಗ ಯಾಕೆ ನಂಬಲು ಆಗಲಿಲ್ಲ?

ಓದುಹುಚ್ಚಿ

ಸ್ಪಾಯ್ಲರ್ ಇದೆ. ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’ ಮತ್ತು ‘ಗೇಮ್ ಆಫ್ ಥ್ರೋನ್ಸ್’ ಎರಡರ ಕೊನೆಯೂ ಇಲ್ಲಿ ಬರುತ್ತದೆ. ನೋಡಿಲ್ಲದವರು ನೋಡಿಕೊಂಡು ಬನ್ನಿ.

ಎರಡರಲ್ಲೂ ಒಂದು ದೊಡ್ಡ ಪಾತ್ರ ಪೂರ್ತಿ ತಿರುಗಿಬೀಳುತ್ತದೆ. ‘ಅವತಾರ್’ನ ನಾಯಕ ಆಂಗ್‌ನನ್ನು ಹಿಡಿಯಲು ಊರೂರು ಅಲೆದ ಶತ್ರು ರಾಜ್ಯದ ರಾಜಕುಮಾರ ಜುಕೋ ಕೊನೆಗೆ ಅವನಿಗೇ ಗುರುವಾಗುತ್ತಾನೆ. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಗುಲಾಮರ ಸರಪಳಿ ಬಿಡಿಸಿದ ರಾಣಿ ಡೇನೇರಿಸ್ ಕೊನೆಗೆ ಶರಣಾದ ಊರನ್ನೇ ಸುಡುತ್ತಾಳೆ. ಮೊದಲನೆಯದನ್ನು ಜನ ಇವತ್ತಿಗೂ ಕೊಂಡಾಡುತ್ತಾರೆ. ಎರಡನೆಯದನ್ನು ನೋಡಿ, ಕೊನೆಯ ಸೀಸನ್ ಮತ್ತೆ ಮಾಡಿ ಅಂತ 2019ರಲ್ಲಿ 10 ಲಕ್ಷಕ್ಕೂ ಜಾಸ್ತಿ ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು.

ಯಾರನ್ನು ಕೇಳಿದರೂ ‘ಅವಸರ ಮಾಡಿ ಮುಗಿಸಿದರು’ ಅನ್ನುತ್ತಾರೆ. ನಿಜವೇ. ಮೊದಲ ಆರು ಸೀಸನ್‌ಗೆ ಹತ್ತತ್ತು ಎಪಿಸೋಡ್ ಇತ್ತು, ಏಳನೆಯದಕ್ಕೆ 7, ಎಂಟನೆಯದಕ್ಕೆ ಬರೀ 6. ಆದರೂ ನನಗೆ ಅಷ್ಟಕ್ಕೇ ಸಮಾಧಾನ ಆಗುತ್ತಿಲ್ಲ. ಒಟ್ಟು 73 ಎಪಿಸೋಡ್ ಸಿಕ್ಕಿದೆಯಲ್ಲ ಅವರಿಗೆ. ಅವತಾರ್‌ನಲ್ಲಿ ಇರುವುದೇ 61, ಅವೂ ಒಂದೊಂದು ಅರ್ಧ ಗಂಟೆಯೊಳಗೆ ಮುಗಿಯುತ್ತವೆ.

ಸುಳಿವು ಕೊಡಲಿಲ್ಲ ಅನ್ನುವ ಹಾಗೂ ಇಲ್ಲ. ಮೊದಲ ಸೀಸನ್‌ನಲ್ಲೇ ಅಣ್ಣನ ತಲೆ ಮೇಲೆ ಕರಗಿದ ಚಿನ್ನ ಸುರಿಯುವಾಗ ಡೇನೇರಿಸ್ ಮುಖ ತಿರುಗಿಸಲಿಲ್ಲ. ತಾನು ಗೆದ್ದ ನಗರ ಮೀರೀನ್‌ನಲ್ಲಿ ಗುಲಾಮರ 163 ಯಜಮಾನರನ್ನು ಕಂಬಕ್ಕೆ ಹೊಡೆಸಿದಳು. ಏಳನೇ ಸೀಸನ್‌ನಲ್ಲಿ ಸೋತರೂ ತಲೆಬಾಗದ ಟಾರ್ಲಿ ಅಪ್ಪ ಮಗ ಇಬ್ಬರನ್ನೂ ಡ್ರ್ಯಾಗನ್ ಬೆಂಕಿಗೆ ಕೊಟ್ಟಳು.

ಆದರೆ ನನ್ನ ಕಣ್ಣ ಮುಂದೆ ನಿಲ್ಲುವುದು ನಾಲ್ಕನೇ ಸೀಸನ್‌ನ ಕೊನೆಯ ಎಪಿಸೋಡ್. ಒಬ್ಬ ಬಡವ ಬಟ್ಟೆಯ ಗಂಟು ಹಿಡಿದು ಅವಳ ಮುಂದೆ ಬರುತ್ತಾನೆ. ಬಿಚ್ಚಿದರೆ ಒಳಗೆ ಸುಟ್ಟ ಮೂಳೆ. ಅವನ ಮೂರು ವರ್ಷದ ಮಗಳದ್ದು. ಸುಟ್ಟಿದ್ದು ಅವಳ ಮೂರು ಡ್ರ್ಯಾಗನ್‌ಗಳಲ್ಲಿ ಒಂದಾದ ಡ್ರೋಗಾನ್, ಅದು ಎಲ್ಲೋ ಹಾರಿಹೋಗಿದೆ. ಹಾಗಾಗಿ ಅವಳು ಕೈಗೆ ಸಿಕ್ಕ ಉಳಿದೆರಡನ್ನು ಕತ್ತಲ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಕೊರಳಿಗೆ ಸರಪಳಿ ಹಾಕುತ್ತಾಳೆ. ಅವು ಹಿಂದಿನಿಂದ ಕೂಗುತ್ತವೆ, ಇವಳು ಅಳುತ್ತಾ ಹೊರಗೆ ಬರುತ್ತಾಳೆ. ಒಂದು ಮಗುವಿಗೋಸ್ಕರ ಮಕ್ಕಳ ಹಾಗೆ ಸಾಕಿದ ಡ್ರ್ಯಾಗನ್‌ಗಳನ್ನೇ ಕಟ್ಟಿಹಾಕಿದವಳು, ಗಂಟೆ ಹೊಡೆದು ಶರಣಾದ ಮೇಲೂ ಬೀದಿ ತುಂಬ ಮಕ್ಕಳಿದ್ದ ಊರಿನ ಮೇಲೆ ಬೆಂಕಿ ಸುರಿಯುತ್ತಾಳೆ. ಈ ನಡುವೆ ಏನಾಯಿತು?

ಕೇಳುವುದಕ್ಕೆ ಕಾರಣ ಇದೆ. ಆ ಕೊನೆಯ ದಿನಗಳ ಮೇಲೆ ಫ್ಯಾನ್‌ಫಿಕ್ಷನ್ (ಇರುವ ಕಥೆಯ ಮೇಲೆ ಅಭಿಮಾನಿ ಕಟ್ಟುವ ಹೊಸ ಕಥೆ) ಬರೆಯುತ್ತಿದ್ದೇನೆ. ಅಂತ್ಯ ಬದಲಿಸುವುದಿಲ್ಲ. ಊರು ಸುಡಬೇಕು, ಆದರೆ ಓದುವವರಿಗೆ ‘ಹೌದು, ಇವಳು ಸುಡುತ್ತಾಳೆ’ ಅನಿಸಬೇಕು. ಯಾವ ದೃಶ್ಯ ಇದ್ದಿದ್ದರೆ ನೀವು ನಂಬುತ್ತಿದ್ದಿರಿ?

ಕಡೆಪುಟ

ಉತ್ತರ ಜುಕೋ ಒಳಗೆ ಹುಡುಕಬೇಡಿ, ಆಂಗ್‌ನ ಗೆಳತಿ ಕಟಾರಾ ಹತ್ತಿರ ಹುಡುಕಿ.

ಜುಕೋ ಒಳ್ಳೆಯವನು ಅನ್ನುವುದಕ್ಕೆ ಮೊದಲ ಸೀಸನ್‌ನಲ್ಲೇ ಸಾಕ್ಷಿ ಇತ್ತು. ಹದಿಮೂರು ವರ್ಷದವನಿದ್ದಾಗ, ಹೊಸ ಸೈನಿಕರನ್ನು ಬಲಿ ಕೊಡುವ ಯೋಜನೆ ತಪ್ಪು ಅಂತ ಸಭೆಯಲ್ಲಿ ಬಾಯಿಬಿಟ್ಟಿದ್ದಕ್ಕೇ ಅಪ್ಪ ಅವನ ಮುಖ ಸುಟ್ಟಿದ್ದು. ಆದರೂ ಎರಡನೇ ಸೀಸನ್‌ನ ಕೊನೆಯಲ್ಲಿ, ಬಾ ಸಿಂಗ್ ಸೆ ನಗರದ ನೆಲದಡಿಯಲ್ಲಿ, ಕಟಾರಾ ಅವನ ಕೆನ್ನೆ ಮುಟ್ಟಿ ಈ ಕಲೆ ವಾಸಿ ಮಾಡುತ್ತೇನೆ ಅಂದ ಸ್ವಲ್ಪ ಹೊತ್ತಿಗೇ ಅವನು ತಂಗಿ ಅಜುಲಾ ಕಡೆ ನಿಂತ. ನೋಡುವವರಿಗೆ ಹೊಟ್ಟೆ ಉರಿದುಹೋಯಿತು.

ಮೂರನೇ ಸೀಸನ್‌ನಲ್ಲಿ ಅವನು ನಿಜವಾಗಿ ಬದಲಾಗಿ ಆಂಗ್‌ನ ಗುಂಪಿಗೆ ಸೇರಲು ಬಂದಾಗ ಕಥೆ ಅವನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಏನು ಮಾತಾಡಬೇಕು ಅಂತ ಅವನು ಒಂದು ಕಪ್ಪೆಯ ಮುಂದೆ ಕೂತು ಅಭ್ಯಾಸ ಮಾಡುತ್ತಾನೆ. ಯಾರೂ ಒಪ್ಪುವುದಿಲ್ಲ. ರಾತ್ರಿ ಅವನನ್ನು ಹುಡುಕಿಕೊಂಡು ಹೋಗುವವಳು ಆ ಗುಂಪಿನ ಟಾಫ್ ಒಬ್ಬಳೇ, ಅವನ ಪರ ಮಾತಾಡಿದವಳೂ ಅವಳೇ. ನಿದ್ದೆಗಣ್ಣಲ್ಲಿ ಬೆಚ್ಚಿಬಿದ್ದು ಅವನು ಬೆಂಕಿ ಬಿಟ್ಟು ಅವಳ ಪಾದ ಸುಡುತ್ತಾನೆ. ಟಾಫ್‌ಗೆ ಕಣ್ಣು ಕಾಣುವುದಿಲ್ಲ, ಅವಳು ನೋಡುವುದೇ ನೆಲದ ಕಂಪನವನ್ನು ಪಾದದಿಂದ ಗ್ರಹಿಸಿ. ಎಂಥ ಬರವಣಿಗೆ ನೋಡಿ! ಕ್ಷಮೆ ಕೇಳಲು ಬಂದವನೇ, ಅವನನ್ನು ನಂಬಿದ ಒಬ್ಬಳನ್ನು ನೋಯಿಸುತ್ತಾನೆ.

ಆಮೇಲೆ ಎಲ್ಲರೂ ಒಪ್ಪಿದ ಮೇಲೂ ಕಟಾರಾ ಅವನ ಕೋಣೆಗೆ ಬಂದು, ಒಂದೇ ಒಂದು ಹೆಜ್ಜೆ ತಪ್ಪಿದರೂ ನಿನ್ನ ಕಥೆ ಅಲ್ಲಿಗೇ ಮುಗಿಸುತ್ತೇನೆ ಅಂತ ಎಚ್ಚರಿಸಿ ಹೋಗುತ್ತಾಳೆ. ಆ ಸಿಟ್ಟು ಅದೇ ಎಪಿಸೋಡ್‌ನಲ್ಲಿ ಇಳಿಯುವುದಿಲ್ಲ. ಮುಂದಿನ ಎಪಿಸೋಡ್‌ಗಳಲ್ಲೂ ಅವಳು ಮುಖ ಗಂಟು ಹಾಕಿಕೊಂಡೇ ಇರುತ್ತಾಳೆ. ಅವಳು ನಂಬದೆ ಇದ್ದಷ್ಟು ಹೊತ್ತು ನಮ್ಮ ಅನುಮಾನ ಅವಳ ಹತ್ತಿರ ಭದ್ರವಾಗಿತ್ತು. ಅವಳು ಕೊನೆಗೆ ಅವನನ್ನು ಅಪ್ಪಿಕೊಂಡಾಗ ನಾವೂ ಬಿಟ್ಟುಕೊಟ್ಟೆವು.

ಡೇನೇರಿಸ್ ಪಕ್ಕದಲ್ಲಿ ಆ ಕೆಲಸ ಮಾಡುವವರು ಯಾರಿದ್ದರು ಹೇಳಿ?

ಡ್ರ್ಯಾಗನ್‌ಪಕ್ಷ

ನಾನು ಒಪ್ಪುವುದಿಲ್ಲ. ಊರು ಸುಡುವ ಆ ಎಪಿಸೋಡ್ ಬಂದ ರಾತ್ರಿಯಿಂದ ಇವತ್ತಿನವರೆಗೂ ಅದರ ಪರ ವಾದ ಮಾಡಿಕೊಂಡೇ ಬಂದಿದ್ದೇನೆ.

163 ಜನರನ್ನು ಕಂಬಕ್ಕೆ ಹೊಡೆಸಿದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು, ಅಲ್ವಾ? ಅವರು ಗುಲಾಮ ಮಕ್ಕಳನ್ನು ಹಾಗೇ ಕೊಂದಿದ್ದರು, ಅದಕ್ಕೆ ಸರಿಯಾಯಿತು ಅಂದುಕೊಂಡೆವು. ಅವರಲ್ಲಿ ಯಾರು ಕೊಂದರು, ಯಾರು ಬೇಡ ಅಂದರು ಅಂತ ಅವಳೂ ವಿಚಾರಿಸಲಿಲ್ಲ, ನಾವೂ ಕೇಳಲಿಲ್ಲ. ಬೇಡ ಅಂತ ವಾದಿಸಿದ ಒಬ್ಬನ ಮಗ ಬಂದು, ನನ್ನಪ್ಪನ ಹೆಣವನ್ನಾದರೂ ಇಳಿಸಲು ಬಿಡಿ ಅಂತ ಬೇಡಿದ್ದು ನೆನಪಿದೆಯಾ? ಹಿಜ್ದಾರ್. ಆ ದೃಶ್ಯವನ್ನು ಫ್ಯಾನ್‌ಗಳು ಮಾತಾಡುವುದೇ ಇಲ್ಲ. ಮಕ್ಕಳಿಗೆ ಅವಳ ಬಿರುದು ಖಲೀಸಿ ಅಂತ ಹೆಸರಿಟ್ಟವರು ಎಷ್ಟೋ ಜನ. ಅವಳು ಯಾರು ಅಂತ ಕಥೆ ತೋರಿಸುತ್ತಲೇ ಇತ್ತು, ನಾವು ಸತ್ತವರು ಯಾವ ಕಡೆಯವರು ಅಂತ ಮಾತ್ರ ನೋಡಿದೆವು.

ಮೂಳೆಯ ಗಂಟಿನ ಬಗ್ಗೆ ಹೇಳಿದಿರಿ. ಅಲ್ಲಿ ಅವಳು ಒಬ್ಬ ಅಪ್ಪನ ಮುಖ ನೋಡುತ್ತಿದ್ದಳು. ಅವಳು ಸುಟ್ಟ ಊರು ಕಿಂಗ್ಸ್ ಲ್ಯಾಂಡಿಂಗ್‌ನಲ್ಲಿ ಡ್ರ್ಯಾಗನ್ ಬೆನ್ನ ಮೇಲಿಂದ ಅವಳಿಗೆ ಒಂದು ಮುಖವೂ ಕಾಣುವುದಿಲ್ಲ. ನನ್ನ ಪಾಲಿಗೆ ಅಷ್ಟು ಸಾಕಿತ್ತು.

ಇರುಳೋದುಗ

ಕಡೆಪುಟ ಹೇಳಿದ ಮಾತು ಹ್ಯಾರಿ ಪಾಟರ್ ಪುಸ್ತಕಗಳ ಮೇಷ್ಟ್ರು ಸ್ನೇಪ್‌ಗೂ ಹೊಂದುತ್ತದೆ. 2007ರಲ್ಲಿ ಕೊನೆಯ ಪುಸ್ತಕ ಬಂದಾಗಿನಿಂದ ಅವನ ಬಗ್ಗೆ ಜಗಳ ನಿಂತೇ ಇಲ್ಲ. ಒಂದೇ ಅಧ್ಯಾಯದಲ್ಲಿ ಅವನ ನೆನಪುಗಳನ್ನು ನೋಡಿ ಹ್ಯಾರಿ ಕ್ಷಮಿಸುತ್ತಾನೆ, ಮಗನಿಗೆ ಅವನ ಹೆಸರನ್ನೂ ಇಡುತ್ತಾನೆ. ಸರಿ. ಆದರೆ ಹ್ಯಾರಿಯ ಸಹಪಾಠಿ ನೆವಿಲ್?

ಆ ಹುಡುಗನ ಅಪ್ಪ ಅಮ್ಮ ಚಿತ್ರಹಿಂಸೆಗೆ ಬುದ್ಧಿ ಕಳೆದುಕೊಂಡು ಆಸ್ಪತ್ರೆಯಲ್ಲಿದ್ದಾರೆ. ಅಷ್ಟಾದರೂ ಅವನಿಗೆ ಎಲ್ಲಕ್ಕಿಂತ ಜಾಸ್ತಿ ಭಯ ಇದ್ದದ್ದು ಪಾಠ ಹೇಳುವ ಮೇಷ್ಟ್ರು ಸ್ನೇಪ್ ಕಂಡರೆ. ನೆವಿಲ್ ಮಾಡಿದ ಮದ್ದನ್ನು ಅವನ ಕಪ್ಪೆಗೇ ಕುಡಿಸಿ ನೋಡಿದ ಮೇಷ್ಟ್ರು ಅದು. ಸ್ನೇಪ್ ಒಳ್ಳೆಯವನಾ ಕೆಟ್ಟವನಾ ಅನ್ನುವ ತೀರ್ಪಿನಲ್ಲಿ ನೆವಿಲ್‌ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಪುಸ್ತಕ ಕೇಳದೆ ಬಿಟ್ಟಿದ್ದನ್ನು ಓದುಗರು ಇಷ್ಟು ವರ್ಷ ಕೇಳುತ್ತಿದ್ದಾರೆ. ನನಗೆ ಸ್ನೇಪ್ ತುಂಬ ಇಷ್ಟದ ಪಾತ್ರ. ಅದಕ್ಕೇ ಇದು ಜಾಸ್ತಿ ಚುಚ್ಚುತ್ತದೆ.

ಓದುಹುಚ್ಚಿ

ಡ್ರ್ಯಾಗನ್‌ಪಕ್ಷ ಅವರೇ, ಹಿಜ್ದಾರ್ ದೃಶ್ಯ ನೆನಪಿಸಿದ್ದು ಒಳ್ಳೆಯದಾಯಿತು. ಮೇಲಿನಿಂದ ಮುಖ ಕಾಣುವುದಿಲ್ಲ ಅನ್ನುವುದನ್ನು ನನ್ನ ಕಥೆಗೆ ಖಂಡಿತ ತೆಗೆದುಕೊಳ್ಳುತ್ತೇನೆ. ಆದರೆ ನೀವು ಹೇಳಿದ್ದು ಅವಳಿಗೆ ಕ್ರೂರಿಯಾಗುವ ಶಕ್ತಿ ಇತ್ತು ಅನ್ನುವುದನ್ನು ತೋರಿಸುತ್ತದೆ, ಅಷ್ಟೇ. ಆ ಗಂಟೆ ಹೊಡೆದ ಗಳಿಗೆಯಲ್ಲಿ ಅವಳು ಯಾಕೆ ತಡೆದುಕೊಳ್ಳಲಿಲ್ಲ ಅನ್ನುವುದು ಹಾಗೇ ಉಳಿಯಿತು.

ಕಡೆಪುಟ ಅವರ ಪ್ರಶ್ನೆ ಇಡೀ ದಿನ ತಲೆಯಲ್ಲಿತ್ತು. ಅವಳನ್ನು ಎದುರಿಸಿದವರು ಇದ್ದಾರೆ. ಅವಳ ಮಂತ್ರಿ ಟಿರಿಯನ್ ತನ್ನ ಅಧಿಕಾರದ ಪದಕ ಕಿತ್ತು ಎಸೆಯುತ್ತಾನೆ, ಅವಳ ಪ್ರಿಯಕರ ಜಾನ್ ಅವಳನ್ನು ಕೊಂದೇಬಿಡುತ್ತಾನೆ. ಆದರೆ ಇಬ್ಬರೂ ವೆಸ್ಟರಾಸ್‌ನ ದೊಡ್ಡ ಮನೆಯ ಗಂಡಸರು. ಅವಳು ಬಿಡಿಸಿದ ಜನರಲ್ಲಿ ಒಬ್ಬರೂ ಬಾಯಿ ತೆರೆಯುವುದಿಲ್ಲ. ಅವಳ ಆಪ್ತೆ ಮಿಸ್ಸಾಂಡೆಯನ್ನು ಹಿಂದಿನ ಎಪಿಸೋಡ್‌ನಲ್ಲೇ ಕೊಂದುಬಿಟ್ಟರು. ಅವಳ ಸೇನಾಪತಿ ಗ್ರೇ ವರ್ಮ್ ಸುಮ್ನೆ ಈಟಿ ಎತ್ತಿಕೊಂಡು ಹಿಂದೆ ಹೋಗುತ್ತಾನೆ. ಅಸ್ತಪೋರ್‌ನಲ್ಲಿ ಅವಳು ಅನ್‌ಸಲೀಡ್ ಎಂಬ ಗುಲಾಮ ಸೈನಿಕರ ಪಡೆಗೆ ಕೊಟ್ಟ ಮೊದಲ ದಾಳಿಯ ಆಜ್ಞೆಯಲ್ಲೇ ಮಕ್ಕಳನ್ನು ಮುಟ್ಟಬೇಡಿ ಅಂತ ಇತ್ತು. ಆ ಆಜ್ಞೆ ಕೇಳಿಸಿಕೊಂಡ ಒಬ್ಬನಿಗೂ ಅದು ಆ ದಿನ ನೆನಪಾಗಲಿಲ್ಲ ಅನ್ನುವುದನ್ನು ನಾನು ನಂಬಲಾರೆ.

ಹಾಗಾದರೆ ಇಡೀ ಕಥೆಯನ್ನು ಗ್ರೇ ವರ್ಮ್ ಕಡೆಯಿಂದ ಬರೆದರೆ ಹೇಗೆ?

ಕಡೆಪುಟ

ಬರೆಯಿರಿ. ಆದರೆ ಅವನನ್ನು ಕಟಾರಾ ಮಾಡಬೇಡಿ. ಮಿಸ್ಸಾಂಡೆ ಸತ್ತ ಮೇಲೆ ಅವನಿಗೂ ಊರು ಸುಡಬೇಕು ಅಂತಲೇ ಇದೆ. ಅವನು ನಿಂತು ಭಾಷಣ ಮಾಡಿದರೆ ಪಾತ್ರ ಹಾಳಾಗುತ್ತದೆ, ಅದು ನಿಮ್ಮ ಮಾತಾಗುತ್ತದೆ.

ನಿಮಗೆ ಬೇಕಾದ ದೃಶ್ಯ ಕೊನೆಯ ಸೀಸನ್‌ನ ಐದನೇ ಎಪಿಸೋಡ್‌ನಲ್ಲೇ ಇದೆ. ಡೇನೇರಿಸ್ ಅವನಿಗೆ ಮಿಸ್ಸಾಂಡೆಯ ಹಳೆಯ ಕೊರಳಪಟ್ಟಿ ಕೊಡುತ್ತಾಳೆ, ಗುಲಾಮಳಾಗಿದ್ದಾಗ ಅವಳು ಹಾಕಿಕೊಂಡಿದ್ದದ್ದು. ಸಮುದ್ರ ದಾಟುವಾಗ ಅವಳು ಜೊತೆಗೆ ತಂದಿದ್ದು ಅದೊಂದೇ. ಗ್ರೇ ವರ್ಮ್ ಅದನ್ನು ಬೆಂಕಿಗೆ ಎಸೆಯುತ್ತಾನೆ. ಯಾಕೆ ಎಸೆದ ಅಂತ ಯಾರೂ ಕೇಳುವುದಿಲ್ಲ, ಅಲ್ಲಿಗೆ ಆ ಮಾತು ಮುಗಿಯುತ್ತದೆ. ನೀವು ಮುಗಿಸಬೇಡಿ. ಇಬ್ಬರನ್ನೂ ಆ ಬೆಂಕಿಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಕೂರಿಸಿ. ಮಿಸ್ಸಾಂಡೆ ಇದ್ದಿದ್ದರೆ ನಾಳೆ ಏನು ಮಾಡು ಅನ್ನುತ್ತಿದ್ದಳು ಅಂತ ಇಬ್ಬರಲ್ಲಿ ಒಬ್ಬರು ಕೇಳಲಿ. ಯಾರು ಕೇಳಬೇಕು, ಇನ್ನೊಬ್ಬರು ಏನು ಹೇಳಬೇಕು ಅನ್ನುವುದು ನಿಮಗೆ ಬಿಟ್ಟಿದ್ದು. ಆದರೆ ಉತ್ತರ ಏನೇ ಬರಲಿ, ಅದನ್ನು ಕೇಳಿಸಿಕೊಂಡು ಆಮೇಲೆ ಅವಳು ಡ್ರ್ಯಾಗನ್ ಹತ್ತಬೇಕು.

ಮೊದಲ ಅಧ್ಯಾಯ ಆದ ತಕ್ಷಣ ಇಲ್ಲೇ ಹಾಕಿ. ಡ್ರ್ಯಾಗನ್‌ಪಕ್ಷ ಅವರೂ ಓದಿ ತಕರಾರು ತೆಗೆಯಲಿ, ಅವರ ತಕರಾರು ನಿಮಗೆ ಬೇಕು.