ಮಾಯಾ: ವರ್ಲ್ಡ್ ಸ್ಪೇಸ್‌ನಲ್ಲಿ ಪೋಸ್ ಹಾಕಿದರೆ ಮಣಿಕಟ್ಟು ಯಾಕೆ ಜಾಗ ಬಿಡುತ್ತೆ?

ಪ್ರಶ್ನೆ: ನಮಸ್ಕಾರ ಮೇಡಂ. 3ಡಿ ಅನಿಮೇಶನ್ ಸಾಫ್ಟ್‌ವೇರ್ ಮಾಯಾದಲ್ಲಿ ಒಂದು ಕ್ಯಾರೆಕ್ಟರ್‌ನ ಪೋಸನ್ನು ಅದೇ ರಿಗ್‌ನ (ಕ್ಯಾರೆಕ್ಟರನ್ನು ಅಲ್ಲಾಡಿಸೋ ಕಂಟ್ರೋಲ್‌ಗಳ ಚೌಕಟ್ಟು) ಇನ್ನೊಂದು ಕಾಪಿಗೆ ಹಾಕೋಕೆ ಪೈಥಾನ್ ಸ್ಕ್ರಿಪ್ಟ್ ಬರೀತಿದ್ದೀನಿ. ಸೆಲೆಕ್ಟ್ ಮಾಡಿದ ಎಫ್‌ಕೆ ಕಂಟ್ರೋಲ್‌ಗಳ (ಭುಜ, ಮೊಣಕೈ, ಮಣಿಕಟ್ಟು ಹೀಗೆ ಸರಪಳಿಯಂತೆ ಒಂದರ ಕೆಳಗೊಂದು ತಿರುಗೋವು) ವರ್ಲ್ಡ್ ಮ್ಯಾಟ್ರಿಕ್ಸ್, ಅಂದ್ರೆ ಇಡೀ ದೃಶ್ಯದ ಲೆಕ್ಕದಲ್ಲಿ ಅವುಗಳ ಜಾಗ, ತಿರುವು ಮತ್ತು ಅಳತೆ, ಓದಿ, ಎಕ್ಸ್‌ಫಾರ್ಮ್ ಕಮಾಂಡ್‌ನಲ್ಲಿ ವರ್ಲ್ಡ್ ಸ್ಪೇಸ್ ಅಂತ ಕೊಟ್ಟು ಹಾಕ್ತೀನಿ. ಭುಜ ಸರಿಯಾಗಿ ಕೂರುತ್ತೆ, ಮೊಣಕೈ ಮತ್ತು ಮಣಿಕಟ್ಟು ಎಲ್ಲೋ ಹೋಗಿರುತ್ತವೆ. ಅದೇ ಸ್ಕ್ರಿಪ್ಟನ್ನು ಎರಡು ಮೂರು ಸಲ ರನ್ ಮಾಡಿದರೆ ಎಲ್ಲವೂ ಸರಿಹೋಗುತ್ತೆ!

ಉತ್ತರ: ಕೊನೆಯ ಸಾಲಲ್ಲೇ ಕಾರಣ ಸಿಕ್ಕಿತು. ನಿಮ್ಮ ಲೆಕ್ಕ ತಪ್ಪಿಲ್ಲ, ಕ್ರಮ ತಪ್ಪಿದೆ. ವರ್ಲ್ಡ್ ಸ್ಪೇಸ್ ಅಂತ ಕೊಟ್ಟರೂ ಮಾಯಾ ಉಳಿಸಿಕೊಳ್ಳೋದು ಲೋಕಲ್ ಬೆಲೆಯನ್ನೇ, ಅಂದ್ರೆ ಪೇರೆಂಟ್‌ಗೆ (ಅದರ ಮೇಲಿನ ಕಂಟ್ರೋಲ್ ಅಥವಾ ಗ್ರೂಪ್) ಹೋಲಿಸಿದ ಬೆಲೆಯನ್ನು. ಆ ಕ್ಷಣದಲ್ಲಿ ಪೇರೆಂಟ್ ಎಲ್ಲಿದೆಯೋ ಅದರ ಇನ್ವರ್ಸ್‌ನಿಂದ ಗುಣಿಸಿ ಲೋಕಲ್ ಮಾಡಿಕೊಳ್ಳುತ್ತೆ. ಮಣಿಕಟ್ಟನ್ನು ಮೊದಲು ಕೂರಿಸಿ, ಆಮೇಲೆ ಭುಜ ತಿರುಗಿಸಿದರೆ ಮಣಿಕಟ್ಟೂ ಜೊತೆಗೇ ತಿರುಗುತ್ತೆ. ಮತ್ತೆ ರನ್ ಮಾಡಿದಾಗ ಮೇಲಿನದು ಆಗಲೇ ಸರಿಯಿರೋದರಿಂದ ಪ್ರತಿ ಸಲ ಕನಿಷ್ಠ ಒಂದು ಹಂತ ಕೆಳಗಿನದು ಸರಿಯಾಗುತ್ತಾ ಬರುತ್ತೆ.

ಹಾಗಾಗಿ ಕಂಟ್ರೋಲ್‌ಗಳ ಪೂರ್ತಿ ಡ್ಯಾಗ್ ಪಾತ್ (ಮೇಲಿನ ಪೇರೆಂಟ್‌ನಿಂದ ಕೆಳಗಿನವರೆಗಿನ ಹೆಸರುಗಳ ಸಾಲು) ತಗೊಂಡು, ಅದರಲ್ಲಿ ಎಷ್ಟು ನಿಲುವುಗೆರೆ (|) ಇದೆ ಅಂತ ಎಣಿಸಿ, ಕಡಿಮೆ ಇರೋದು ಮೊದಲು ಬರೋ ಹಾಗೆ ಸಾರ್ಟ್ ಮಾಡಿ. ಸೆಲೆಕ್ಷನ್ ಕ್ರಮವನ್ನು ಯಾವತ್ತೂ ನಂಬಬೇಡಿ. ಮುಂದೆ ಇದೇ ಸ್ಕ್ರಿಪ್ಟನ್ನು ಒಂದೇ ರಿಗ್‌ನಲ್ಲಿ ಪೋಸ್ ಮಿರರ್ ಮಾಡೋಕೆ ಬಳಸೋದಾದರೆ, ಎಲ್ಲ ಮ್ಯಾಟ್ರಿಕ್ಸ್‌ಗಳನ್ನೂ ಮೊದಲೇ ಓದಿಟ್ಟುಕೊಂಡು ಆಮೇಲೆ ಹಾಕೋಕೆ ಶುರುಮಾಡಿ. ಇಲ್ಲದಿದ್ದರೆ ಅರ್ಧ ಬದಲಾದ ಪೋಸನ್ನೇ ಓದ್ತೀರಿ.

ಎಫ್‌ಕೆ ಕಂಟ್ರೋಲ್‌ಗಳಲ್ಲಿ ಟ್ರಾನ್ಸ್‌ಲೇಟ್, ಸ್ಕೇಲ್ ಸಾಮಾನ್ಯವಾಗಿ ಲಾಕ್ ಆಗಿರುತ್ತವೆ. ಅಂಥ ಕಡೆ ಪೂರ್ತಿ ಮ್ಯಾಟ್ರಿಕ್ಸ್ ಬೇಡ, ವರ್ಲ್ಡ್ ರೊಟೇಶನ್ ಮಾತ್ರ ಹಾಕಿ. ಆದರೆ ಎರಡೂ ಕಾಪಿಯಲ್ಲಿ ರೊಟೇಟ್ ಆರ್ಡರ್ (ಎಕ್ಸ್, ವೈ, ಝಡ್ ತಿರುವುಗಳ ಕ್ರಮ) ಒಂದೇ ಇದೆಯಾ ನೋಡಿಕೊಳ್ಳಿ. ಅನಿಮೇಟರ್‌ಗಳು ಗಿಂಬಲ್ ಲಾಕ್ (ಎರಡು ಅಕ್ಷಗಳು ಒಂದೇ ಸಾಲಿಗೆ ಬಂದು ತಿರುವು ಸಿಕ್ಕಿಕೊಳ್ಳೋದು) ತಪ್ಪಿಸೋಕೆ ಅದನ್ನು ಬದಲಾಯಿಸಿರ್ತಾರೆ.

ಮರುಪ್ರಶ್ನೆ: ಸಾರ್ಟ್ ಮಾಡಿದೆ, ಕೈ ಸರಿಹೋಯ್ತು, ಧನ್ಯವಾದ ಮೇಡಂ. ಆದರೆ ತಲೆಯ ಕಂಟ್ರೋಲ್ ಇನ್ನೂ ಸರಿಯಾಗಿಲ್ಲ. ಅದು ಎದೆಯ ಕೆಳಗಿಲ್ಲ, ಬೇರೆ ಗ್ರೂಪ್‌ನಲ್ಲಿದೆ.

ಉತ್ತರ: ಆ ಗ್ರೂಪ್ ಕನ್‌ಸ್ಟ್ರೈಂಟ್ (ಒಂದು ವಸ್ತು ಇನ್ನೊಂದನ್ನು ಹಿಂಬಾಲಿಸೋ ಹಾಗೆ ಕಟ್ಟೋ ಜೋಡಣೆ) ಮೂಲಕ ಎದೆಯನ್ನು ಹಿಂಬಾಲಿಸ್ತಿರುತ್ತೆ. ಔಟ್‌ಲೈನರ್‌ನಲ್ಲಿ (ದೃಶ್ಯದ ವಸ್ತುಗಳ ಪಟ್ಟಿ) ಮೇಲಿದ್ದರೂ ಕೆಲಸದಲ್ಲಿ ಅದು ಎದೆಯ ಮಗುವೇ, ಇದು ಪಾತ್ ಎಣಿಕೆಗೆ ಗೊತ್ತಾಗಲ್ಲ. ನನ್ನ ಆಯ್ಕೆ ಏನಂದ್ರೆ, ರಿಗ್ಗರ್ ಹತ್ತಿರ ಕೂತು ಪ್ರತಿ ರಿಗ್‌ಗೂ ಕಂಟ್ರೋಲ್‌ಗಳ ಕ್ರಮವನ್ನು ಒಂದು ಪಟ್ಟಿಯಾಗಿ ಬರೆದಿಡೋದು: ರೂಟ್, ಸೊಂಟ, ಬೆನ್ನು, ಎದೆ, ಕುತ್ತಿಗೆ, ತಲೆ ಹೀಗೆ. ಅದಕ್ಕೆ ಸಮಯ ಇಲ್ಲದಿದ್ದರೆ, ಹಾಕಿದ ಮೇಲೆ ಪ್ರತಿ ಕಂಟ್ರೋಲ್‌ನ ವರ್ಲ್ಡ್ ಮ್ಯಾಟ್ರಿಕ್ಸನ್ನು ಗುರಿಯ ಜೊತೆ ಹೋಲಿಸಿ, ವ್ಯತ್ಯಾಸ ಹೋಗೋವರೆಗೂ ಲೂಪ್ ಮತ್ತೆ ಓಡಲಿ. ಗರಿಷ್ಠ ಸುತ್ತಿಗೆ ಮಿತಿ ಇಡಿ, ಲಾಕ್ ಆದ ಚಾನೆಲ್ ಇದ್ದರೆ ವ್ಯತ್ಯಾಸ ಸೊನ್ನೆ ಆಗದೆ ಉಳಿಯಬಹುದು. ತಲೆಯ ಸ್ಪೇಸ್ ಸ್ವಿಚ್ (ಅದು ಯಾವುದನ್ನು ಹಿಂಬಾಲಿಸಬೇಕು ಅಂತ ಆರಿಸೋ ಆಯ್ಕೆ) ಇದ್ದರೆ ಅದರ ಬೆಲೆಯನ್ನು ಎಲ್ಲಕ್ಕಿಂತ ಮೊದಲು ಕಾಪಿ ಮಾಡಿ.

ಇದನ್ನೇ ಇಡೀ ಶಾಟ್‌ಗೆ ಬೇಕ್ ಮಾಡೋದಾದರೆ (ಪ್ರತಿ ಫ್ರೇಮ್‌ಗೂ ಕೀ ಹಾಕಿ ಉಳಿಸೋದಾದರೆ) ಪ್ರತಿ ಫ್ರೇಮ್‌ಗೂ ಟೈಮ್ ಬದಲಿಸಿ, ಪೇರೆಂಟ್‌ನಿಂದ ಶುರುಮಾಡಿ ಕೀ ಹಾಕುತ್ತಾ ಹೋಗಿ. ಮುಗಿದ ಮೇಲೆ ಗ್ರಾಫ್ ಎಡಿಟರ್‌ನಲ್ಲಿ ಯೂಲರ್ ಫಿಲ್ಟರ್ ಓಡಿಸಿ, 180ರಿಂದ ಮೈನಸ್ 180ಕ್ಕೆ ಹಾರಿದ ಕರ್ವ್‌ಗಳು ಸರಿಹೋಗುತ್ತವೆ.